ಸಲೂನಾ ಮಾಡೋದು ಹೇಳ್ತೀನಿ, ಮೊದಲು ಆ ಪಾತ್ರೆ ಎಲ್ಲಿದೆ ಹೇಳಿ

ಹಾಸನದಿಂದ ಮಸ್ಕತ್‌ಗೆ ಬಂದು ಎರಡು ತಿಂಗಳಾಯ್ತು, ಪಕ್ಕದ ಮನೆ ಒಮಾನಿ ಅಮ್ಮ ಒಂದು ಪಾತ್ರೆ ತುಂಬ ಕುರಿಮಾಂಸ ಟೊಮ್ಯಾಟೊ ಹಾಕಿರೋ ಕೆಂಪು ಸಾರು ಕಳಿಸಿದ್ರು, ಒಳಗೆ ಕಪ್ಪಗೆ ಜಾಯಿಕಾಯಿ ಥರ ಏನೋ ತೇಲ್ತಿತ್ತು, ಮನೇಲಿ ಮಾಡೋದು ಹೇಗೆ, ಕುಕ್ಕರ್‌ನಲ್ಲಿ ಆಗುತ್ತಾ, ಲೈಸೆನ್ಸು ಸ್ಕೂಲು ಎಲ್ಲಾ ಹೇಗೆ ಅಂತ ಕೇಳಿದೀರಿ. ಓದ್ತಿದ್ದಂಗೆ ನಾನು ಬಂದ ವರ್ಷ ಕಣ್ಮುಂದೆ ಬಂತು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ.

ಲೈಸೆನ್ಸ್‌ಗೆ ಡ್ರಮ್ ಟೆಸ್ಟ್ ಅಂತ ಒಂದಿದೆ, ಡ್ರಮ್‌ಗಳ ಮಧ್ಯೆ ಗಾಡಿ ರಿವರ್ಸ್ ತಗೊಂಡು ನಿಲ್ಸೋದು, ತಾಳ್ಮೆ ಇರೋ ಮೇಷ್ಟ್ರು ಸಿಕ್ಕಿದ್ರೆ ಆಗುತ್ತೆ. ಇಂಡಿಯನ್ ಸ್ಕೂಲ್‌ಗೆ ಆನ್‌ಲೈನ್ ರಿಜಿಸ್ಟ್ರೇಷನ್ ವರ್ಷದ ಶುರುವಲ್ಲೇ ನೋಡ್ಕೊಳ್ಳಿ, ನಿಮ್ಮ ಯಜಮಾನ್ರ ಆಫೀಸಲ್ಲಿ ಮಕ್ಕಳಿರೋರು ಸರಿಯಾಗಿ ಹೇಳ್ತಾರೆ. ಇವೆರಡೂ ಹೆಂಗೋ ಆಗೋ ಕೆಲಸಗಳು.

ನೀವು ತಿಂದಿದ್ದು ಸಲೂನಾ. ಆ ಕಪ್ಪು ಕಾಯಿ ಜಾಯಿಕಾಯಿ ಅಲ್ಲ, ಲೂಮಿ, ಅಂದ್ರೆ ಒಣಗಿಸಿದ ನಿಂಬೆಹಣ್ಣು. ಉಪ್ಪು ನೀರಲ್ಲಿ ಕುದಿಸಿ ಬಿಸಿಲಿಗೆ ಹಾಕ್ತಾರೆ, ಒಳಗಿನ ತಿರುಳು ಕಪ್ಪಾಗಿ ಅಲ್ಲಾಡಿಸಿದ್ರೆ ಗಟಗಟ ಅನ್ನೋವರೆಗೂ. ಇರಾನಿನವರು ಇದನ್ನ ಲಿಮೂ ಅಮಾನಿ ಅಂತಾರೆ, ಒಮಾನಿನ ನಿಂಬೆ ಅಂತ, ಇರಾಕಿನವರು ನೂಮಿ ಬಸ್ರಾ ಅಂತಾರೆ, ಬಸ್ರಾ ಬಂದರಿನಿಂದ ಬರ್ತಿತ್ತು ಅಂತ. ನಮ್ಮ ಹುಣಸೆಹಣ್ಣಿನ ಜಾಗದಲ್ಲಿ ಇದು ಅಂದ್ಕೊಳ್ಳಿ, ಆದ್ರೆ ಹುಳಿ ಜೊತೆ ಒಂಚೂರು ಹೊಗೆ ವಾಸನೆ, ಒಂಚೂರು ಕಹಿ. ಮಸ್ಕತ್‌ನ ಹಳೇ ಮಾರ್ಕೆಟ್ಟು ಮುತ್ರಾ ಸೂಕ್‌ನಲ್ಲಿ ಮೂಟೆಗಟ್ಟಲೆ ಇಟ್ಟಿರ್ತಾರೆ.

ಮಾಂಸದ ವಿಷ್ಯ. ಆಸ್ಟ್ರೇಲಿಯನ್ ಲ್ಯಾಂಬ್ ಅಂತ ಬೋರ್ಡ್ ಇರುತ್ತಲ್ಲ, ಅದು ವರ್ಷ ತುಂಬದ ಕುರಿ. ಪಕ್ಕದಲ್ಲೇ ಇಂಡಿಯನ್ ಮಟನ್ ಅಂತಿರೋದು ಮೇಕೆನೂ ಆಗಿರಬಹುದು. ನಾನು ಮಳವಳ್ಳಿ ಕಡೆಯವನು, ಬನ್ನೂರು ಕುರಿ ತಿಂದು ಬೆಳೆದ ಬಾಯಿ, ಹಾಗಾಗಿ ಆ ತೆಳು ಗುಲಾಬಿ ಮಾಂಸ ಮೊದಮೊದಲು ಒಗ್ಗಲಿಲ್ಲ. ಸಲೂನಾಗೆ ಭುಜ ಇಲ್ಲ ಕತ್ತು, ಮೂಳೆ ಸಮೇತ 1 ಕೆಜಿ ಕತ್ತರಿಸಿಕೊಡೋಕೆ ಹೇಳಿ. ಬೋನ್‌ಲೆಸ್ ಬೇಡ, ರಸಕ್ಕೆ ಏನೂ ಇಳಿಯಲ್ಲ.

ಎಣ್ಣೇಲಿ ಚಕ್ಕೆ, ಏಲಕ್ಕಿ, ಲವಂಗ, ಎರಡು ಈರುಳ್ಳಿ ಕೆಂಪಗೆ ಬಾಡಿಸಿ, ಶುಂಠಿ ಬೆಳ್ಳುಳ್ಳಿ, ಆಮೇಲೆ ಮಾಂಸ. ಬಣ್ಣ ತಿರುಗೋವರೆಗೂ ಕೈ ಬಿಡಬೇಡಿ. ಅರಿಶಿನ, ಒಂದು ದೊಡ್ಡ ಚಮಚ ಬಿಝಾರ್, ಅದು ಇಲ್ಲಿನವರ ಮಸಾಲೆ ಪುಡಿ, ಜೀರಿಗೆ ಧನಿಯ ಮೆಣಸು ಚಕ್ಕೆ ಲವಂಗ ಎಲ್ಲಾ ಹುರಿದು ಕುಟ್ಟಿರೋದು, ಪ್ರತಿ ಮನೇದೂ ಬೇರೆ ಬೇರೆ. ಚೆನ್ನಾಗಿ ಹಣ್ಣಾಗಿರೋ ಟೊಮ್ಯಾಟೊ ನಾಲ್ಕೈದು ಹೆಚ್ಚಿ ಹಾಕಿ, ಒಂದು ಚಮಚ ಟೊಮ್ಯಾಟೊ ಪೇಸ್ಟ್, ಎಣ್ಣೆ ಬಿಡೋವರೆಗೂ ಬಾಡಿಸಿ. ಚಳಿಗಾಲದಲ್ಲಿ ಬಾತಿನಾ ಕರಾವಳಿ ಕಡೆ ತೋಟದ ಟೊಮ್ಯಾಟೊ ಬರುತ್ತೆ, ಆಗ ಪೇಸ್ಟೇ ಬೇಕಾಗಲ್ಲ. ಆಮೇಲೆ ಬಿಸಿನೀರು ಐದಾರು ಲೋಟ, ಮೇಲೆ ಬರೋ ನೊರೆ ತೆಗೆದು ಸಣ್ಣ ಉರೀಲಿ ಒಂದೂಕಾಲು ಗಂಟೆ. ಆಲೂಗಡ್ಡೆ, ಕ್ಯಾರೆಟ್ ಕೊನೆಗೆ. ಟೊಮ್ಯಾಟೊ ಹುಳಿಯಲ್ಲಿ ಆಲೂಗಡ್ಡೆ ನಿಧಾನ ಬೇಯುತ್ತೆ, ಹುಣಸೆ ಹುಳಿ ಮೊದಲೇ ಹಾಕಿದ್ರೆ ಬೇಳೆ ಬೇಯಲ್ವಲ್ಲ ಹಂಗೇ, ಅದಕ್ಕೆ ಸಣ್ಣದಾಗಿ ಹೆಚ್ಚಿ, ಅರ್ಧ ಗಂಟೆ ಕೊಡಿ. ಕುಕ್ಕರ್ ಬೇಡ, ಲ್ಯಾಂಬ್ ಮೂರು ವಿಷಲ್‌ಗೆ ನಾರು ನಾರಾಗಿ ಹೋಗುತ್ತೆ, ಲೂಮಿ ಕಹಿ ಬಿಟ್ಟುಬಿಡುತ್ತೆ, ನಂಗೆ ಎರಡು ಸಲ ಆಗಿದೆ. ಕೈ ತಾನಾಗೇ ತೆಂಗಿನಕಾಯಿ ಕಡೆ ಹೋಗುತ್ತೆ, ಗೊತ್ತು, ತಡ್ಕೊಳ್ಳಿ.

ಲೂಮಿ ಹೆಂಗೆ ಹಾಕಬೇಕು ಅನ್ನೋದು ನಾನು ಕಲಿತಿದ್ದು ಗೋನು ಚಂಡಮಾರುತದ ವಾರ, 2007ರ ಜೂನ್. ಇಲ್ಲೇ ಮಸ್ಕತ್‌ನ ವಾದಿ ಕಬೀರ್‌ನಲ್ಲಿ ಮೂರನೇ ಮಹಡಿ, ನಾವು ಮೂವರು ಬ್ಯಾಚುಲರ್ಸ್, ಎದುರು ಫ್ಲಾಟಲ್ಲಿ ಒಂದು ಒಮಾನಿ ಕುಟುಂಬ. ಬೀದಿ ತುಂಬ ಕೆಸರು, ಕರೆಂಟಿಲ್ಲ, ಸಮುದ್ರದ ನೀರು ಸಿಹಿ ಮಾಡೋ ಪ್ಲಾಂಟ್ ನಿಂತು ನಲ್ಲೀಲಿ ದಿನಗಟ್ಟಲೆ ನೀರಿಲ್ಲ. ಟ್ಯಾಂಕರ್ ಬಂದಾಗ ಆ ಮನೆ ಅಮ್ಮನಿಗೂ ಎರಡು ಕ್ಯಾನ್ ಹೊತ್ಕೊಂಡು ಹೋದೆ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಫ್ರಿಜ್‌ನಲ್ಲಿದ್ದ ಮಾಂಸ ಕೆಡೋ ಮುಂಚೆ ಅಂತ ಎಲ್ಲಾ ಒಟ್ಟಿಗೆ ಗ್ಯಾಸ್ ಮೇಲೆ ಇಟ್ಟಿದ್ರು. ಲೂಮಿನ ಮರದ ಹಲಗೆ ಮೇಲಿಟ್ಟು ಅಂಗೈಯಿಂದ ಒಂದೇ ಸಲ ಒತ್ತಿದ್ರು, ಪಟ್ ಅಂತ ಬಿರುಕು ಬಿಡ್ತು, ಆ ಬಿರುಕಿನಿಂದ ಬೆರಳ ತುದೀಲಿ ಬೀಜ ಒಂದೊಂದೇ ತೆಗೆದು ಸೆರಗಿಗೆ ಕೈ ಒರೆಸ್ಕೊಂಡು ಪಾತ್ರೆಗೆ ಬಿಟ್ರು. ಬೀಜ ಇದ್ರೆ ಕಹಿ ಅಂತ ಸನ್ನೇಲಿ ಮುಖ ಹಿಂಡಿ ತೋರಿಸಿದ್ರು. 1 ಕೆಜಿಗೆ ಎರಡು ಸಾಕು, ಅರ್ಧ ಬೆಂದ ಮೇಲೆ ಹಾಕಿ.

ಅವತ್ತು ಅವರ ಮಗ ಹಿಂದೀಲಿ ಕೇಳಿದ, ಅಮ್ಮ ಕೇಳ್ತಿದಾರೆ, ನಿಮ್ಮೂರಲ್ಲಿ ಇದನ್ನ ಹೆಂಗೆ ಮಾಡ್ತಾರೆ ಅಂತ. ಕಾಯಿ ರುಬ್ಬಿ ಹಾಕ್ತಾರೆ ಅಂದೆ. ಒಂದಿನ ಮಾಡ್ಕೊಂಡು ಬಾ ಅಂದ್ರು. ಇನ್ಶಾ ಅಲ್ಲಾಹ್ ಅಂದೆ, ಇಲ್ಲಿಗೆ ಬಂದು ಮೊದಲು ಕಲಿಯೋ ಮಾತು ಅದು.

ಮಾಡಲಿಲ್ಲ. ಅಷ್ಟೇ ಅಲ್ಲ, 2005ರ ಅಕ್ಟೋಬರ್, ನನ್ನ ಮೊದಲ ರಮದಾನ್‌ನಿಂದ ಆ ಮನೆಯಿಂದ ಪಾತ್ರೆ ಬರ್ತಾನೇ ಇತ್ತು, ಅಂಚಲ್ಲಿ ನೀಲಿ ಹೂವಿನ ಬಿಳಿ ಪಿಂಗಾಣಿ ಬಟ್ಟಲು, ಒಂದು ಕಡೆ ಚಕ್ಕೆ ಎದ್ದಿತ್ತು. ನಾನು ಪ್ರತಿಸಲ ತೊಳೆದು ಕವರ್‌ಗೆ ಹಾಕಿ ಅವರ ಬಾಗಿಲ ಹಿಡಿಗೆ ನೇತುಹಾಕಿ ಬರ್ತಿದ್ದೆ. ಬೆಲ್ ಕೂಡ ಒತ್ತುತ್ತಿರಲಿಲ್ಲ. ನಾವು ಮಾಡಿದ್ದು ಅವರು ತಿಂತಾರಾ, ನಮ್ಮದು ಗಂಡಸರ ಅಡುಗೆ, ಹೆಂಗಸರಿರೋ ಮನೆ ಬಾಗಿಲು ತಟ್ಟಿದ್ರೆ ಏನಂದ್ಕೊಂಡಾರು, ಹಿಂಗೆಲ್ಲ ಯೋಚನೆ. ಊರಿಂದ ಅಮ್ಮ ಫೋನಲ್ಲಿ ಕೇಳ್ತು, ಪಾತ್ರೆ ಖಾಲಿ ಕೊಡಲಿಲ್ಲ ತಾನೇ? ಇಲ್ಲಮ್ಮ, ಸಕ್ಕರೆ ಹಾಕಿ ಕೊಟ್ಟೆ ಅಂದೆ. ಅಮ್ಮ ಈಗಿಲ್ಲ. ಆ ಸುಳ್ಳು ಸರಿಮಾಡೋಕೆ ಆಗಲೇ ಇಲ್ಲ.

2008ರಲ್ಲಿ ಅವರು ಸೀಬ್ ಕಡೆ ಮನೆ ಬದಲಾಯಿಸಿದ್ರು, ನಾನು ಸೋಹಾರ್ ಸೈಟಲ್ಲಿದ್ದೆ, ವಾಪಸ್ ಬಂದಾಗ ಬಾಗಿಲಿಗೆ ಬೀಗ. ನಂಬರ್ ಇಲ್ಲ, ಕೇಳಿಟ್ಕೊಂಡಿರಲಿಲ್ಲ. ಮುಂದಿನ ವರ್ಷ ನನ್ನ ಹೆಂಡತಿ ಬಂದ್ಲು, ಮನೇಲಿ ಸರಿಯಾದ ಅಡುಗೆ ಶುರುವಾಯ್ತು, ಕಾಯಿ ರುಬ್ಬೋಕೆ ಮಿಕ್ಸಿ ಬಂತು, ರೂವಿ ಅಂಗಡೀಲಿ ರಾಗಿ ಹಿಟ್ಟೂ ಸಿಗ್ತು, ಕೊಡಬೇಕಾದವರು ಮಾತ್ರ ಇರಲಿಲ್ಲ. ಈಗ ಹಳೇದಕ್ಕಿಂತ ಚೆನ್ನಾಗೇ ಸಲೂನಾ ಮಾಡ್ತೀನಿ, ಮುದ್ದೆ ಜೊತೆ ಉಣ್ತೀವಿ, ಮಗಳಿಗೆ ಅನ್ನಕ್ಕಿಂತ ಅದೇ ಇಷ್ಟ, ಆದ್ರೂ ಲೂಮಿ ಒತ್ತಿ ಪಟ್ ಅಂದಾಗೆಲ್ಲ ಆ ಬಾಗಿಲ ಹಿಡಿ ನೆನಪಾಗುತ್ತೆ.

ಅದಕ್ಕೇ ನಿಮ್ಮನ್ನ ಪಾತ್ರೆ ಕೇಳ್ತಿರೋದು. ಸಲೂನಾ ಮುಂದಿನ ವಾರ ಮಾಡಿ, ಪರ್ವಾಗಿಲ್ಲ. ಪಾತ್ರೇಲಿ ಏನು ಹಾಕೋದು ಅಂತ ತಲೆ ಕೆಡಿಸ್ಕೋಬೇಡಿ. ಮಾಂಸದ ಅಡುಗೆ ಸಂಕೋಚ ಅನ್ಸಿದ್ರೆ ಕೊಬ್ಬರಿ ಮಿಠಾಯಿ ಹಾಕಿ, ಕೋಡುಬಳೆ ಹಾಕಿ. ನಮ್ಮ ಈಗಿನ ಪಕ್ಕದ ಮನೆಯವರು ಕೋಡುಬಳೆನ ಕಾವಾ, ಅಂದ್ರೆ ಇಲ್ಲಿನ ಕಾಫಿ ಜೊತೆ ತಿಂತಾರೆ, ಮುಗಿದ ತಕ್ಷಣ ಡಬ್ಬಿ ಖರ್ಜೂರ ತುಂಬ್ಕೊಂಡು ವಾಪಸ್ ಬರುತ್ತೆ. ಬೆಲ್ ಒತ್ತಿ, ನಿಂತ್ಕೊಳ್ಳಿ, ಬಲಗೈಲಿ ಕೊಡಿ, ಒಳಗೆ ಕರೆದ್ರೆ ಚಪ್ಪಲಿ ಬಿಟ್ಟು ಹೋಗಿ ಕೂತ್ಕೊಳ್ಳಿ. ಮಗುವನ್ನೂ ಕರ್ಕೊಂಡು ಹೋಗಿ. ಅರಬ್ಬಿ ಬರಲ್ಲ ಅಂತ ಹಿಂಜರೀಬೇಡಿ, ಇಲ್ಲಿ ಬಹಳ ಮನೇಲಿ ಯಾರಿಗಾದ್ರೂ ಹಿಂದಿ ಬಂದೇ ಬರುತ್ತೆ. ಗುರುವಾರ ಸಂಜೆಯೊಳಗೆ ಕೊಟ್ಟುಬಿಡಿ, ಶುಕ್ರವಾರ ಶನಿವಾರ ರಜಕ್ಕೆ ಅವರೆಲ್ಲ ತಮ್ಮ ಊರಿಗೆ ಹೊರಟುಬಿಡ್ತಾರೆ.