ಎಐ ಕೊಟ್ಟ ಇಎಸ್‌ಪಿ32 ಕೋಡ್ ಕಂಪೈಲ್ ಆಗದಿದ್ದಾಗ

ಇಎಸ್‌ಪಿ32 ಅನ್ನುವ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್‌ಗೆ ಬರೆಸಿದ ಮೋಟಾರ್ ವೇಗದ ಕೋಡ್‌ನಲ್ಲಿ 'ಲೆಡ್‌ಸಿಸೆಟಪ್ (ledcSetup) ಡಿಕ್ಲೇರ್ ಆಗಿಲ್ಲ' ಅನ್ನುವ ಎರರ್, ಎಐ ಎಷ್ಟು ಸಲ ತಿದ್ದಿಕೊಟ್ಟರೂ ಹೋಗುತ್ತಿಲ್ಲ ಅಂದಿದ್ದೀರಿ. ಇದು ಬಹುಶಃ ಆವೃತ್ತಿಯ ತಕರಾರು. ನಿಮ್ಮಲ್ಲಿರುವುದು ಇಎಸ್‌ಪಿ32 ಬೋರ್ಡ್ ಪ್ಯಾಕೇಜ್‌ನ (ಆ ಬೋರ್ಡ್‌ಗೆ ಕೋಡ್ ಕಂಪೈಲ್ ಮಾಡಲು ಬೇಕಾದ ಫೈಲ್‌ಗಳ ಕಟ್ಟು) ಆವೃತ್ತಿ 3 ಇರಬೇಕು, ಎಐ ಬರೆಯುತ್ತಿರುವುದು 2ಕ್ಕೆ. ಹಳೆಯ ಉದಾಹರಣೆಗಳೇ ಜಾಸ್ತಿ ಇರುವುದರಿಂದ ಅದು ಸುತ್ತಿ ಬಳಸಿ ಅಲ್ಲಿಗೇ ಬರುತ್ತದೆ.

ಮೊದಲು ಆರ್ಡುಯಿನೊ ಐಡಿಇಯ (ಕೋಡ್ ಬರೆದು ಬೋರ್ಡ್‌ಗೆ ಹಾಕುವ ಸಾಫ್ಟ್‌ವೇರ್) ಬೋರ್ಡ್ಸ್ ಮ್ಯಾನೇಜರ್‌ನಲ್ಲಿ ಆವೃತ್ತಿ ನೋಡಿ. 3 ಇದ್ದರೆ ಲೆಡ್‌ಸಿಸೆಟಪ್, ಲೆಡ್‌ಸಿಅಟ್ಯಾಚ್‌ಪಿನ್ (ledcAttachPin) ಎರಡೂ ಸಾಲು ತೆಗೆದು, ಲೆಡ್‌ಸಿಅಟ್ಯಾಚ್ (ledcAttach) ಒಂದನ್ನೇ ಹಾಕಿ: ಪಿನ್, ಫ್ರೀಕ್ವೆನ್ಸಿ, ರೆಸಲ್ಯೂಷನ್, ಇದೇ ಕ್ರಮದಲ್ಲಿ. ಉದಾಹರಣೆಗೆ 18, 5000, 8.

ಆಮೇಲೆ ವೇಗ ಹೊಂದಿಸುವ ಲೆಡ್‌ಸಿರೈಟ್ (ledcWrite) ನೋಡಿ. ಜನ ಎಡವುವುದು ಇಲ್ಲೇ. ಮೊದಲು ಅದಕ್ಕೆ ಚಾನೆಲ್ ಸಂಖ್ಯೆ ಕೊಡಬೇಕಿತ್ತು, ಈಗ ಪಿನ್ ಸಂಖ್ಯೆ. ಹಳೆಯ ಚಾನೆಲ್ ಸಂಖ್ಯೆಯನ್ನೇ, ಅಂದರೆ 0 ಅಂತಲೇ ಬಿಟ್ಟರೆ ಕಂಪೈಲ್ ಏನೋ ಆಗುತ್ತದೆ, ಮೋಟಾರ್ ಮಾತ್ರ ಅಲುಗಾಡುವುದಿಲ್ಲ. ರೆಸಲ್ಯೂಷನ್ 8 ಬಿಟ್ ಆದ್ದರಿಂದ ಡ್ಯೂಟಿ (ವೇಗಕ್ಕಾಗಿ ಕೊಡುವ ಸಂಖ್ಯೆ) 0ಯಿಂದ 255ರೊಳಗಿರಲಿ.

ಇನ್ನು ಎಐಗೆ ಕೇಳುವಾಗ ಬರೀ 'ಸರಿಮಾಡು' ಅನ್ನಬೇಡಿ. ಹೊಸ ಚಾಟ್ ತೆರೆದು (ಹಳೆಯದರಲ್ಲಿ ತನ್ನ ತಪ್ಪು ಕೋಡನ್ನೇ ಮತ್ತೆ ಓದಿಕೊಳ್ಳುತ್ತದೆ) ಪ್ಯಾಕೇಜ್ ಆವೃತ್ತಿ, ಪೂರ್ತಿ ಎರರ್, ಐಡಿಇಯ ಎಕ್ಸಾಂಪಲ್ಸ್ ಮೆನುವಿನಲ್ಲಿರುವ ಲೆಡ್‌ಸಿ ಕೋಡ್, ಮೂರನ್ನೂ ಅಂಟಿಸಿ. ಟೈಮರ್ ಫಂಕ್ಷನ್‌ಗಳೂ 3ರಲ್ಲಿ ಬದಲಾಗಿವೆ, ಬಳಸಿದ್ದರೆ ಅವನ್ನೂ ಇದೇ ಸಲ ಕೇಳಿಬಿಡಿ.