ಬೆಳೆಯುವ ಮಗಳಿಗೆ ಸೈಕಲ್: ಒಂದು ಸೈಜು ದೊಡ್ಡದೇ ಕೊಡಿಸಲಾ?

ಮಗಳಿಗೆ ಏಳು ವರ್ಷ, ಹೇಗೂ ಬೆಳೆಯುತ್ತಾಳೆ, ಒಂದು ಸೈಜು ದೊಡ್ಡದೇ ಕೊಡಿಸಿಬಿಡಲಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನೂ ಅದೇ ಲೆಕ್ಕ ಹಾಕಿ ಮಗನಿಗೆ ಆರು ವರ್ಷಕ್ಕೇ 24 ಇಂಚಿನ ಸೈಕಲ್ ತಂದಿದ್ದೆ. ಹತ್ತಲು ಕಟ್ಟೆ ಬೇಕು, ಇಳಿಯಲೂ ಕಟ್ಟೆ ಬೇಕು. ಪೆಡಲ್ ಕೆಳಗೆ ಹೋದಾಗಲೆಲ್ಲ ಸೊಂಟವೇ ಆ ಕಡೆ ವಾಲುತ್ತಿತ್ತು. ಎರಡು ಸಲ ಬಿದ್ದ, ಆಮೇಲೆ ಮುಟ್ಟಲೇ ಇಲ್ಲ. ಕಾಲು ಎಟುಕುವ ಹೊತ್ತಿಗೆ ಅವನಿಗೆ ಸೈಕಲ್ಲಿನ ಆಸೆಯೇ ಹೋಗಿತ್ತು.

16, 20, 24 ಇಂಚು ಅನ್ನುವುದು ಚಕ್ರದ ಅಳತೆ, ಮಗುವಿನದ್ದಲ್ಲ. ವಯಸ್ಸು ನೋಡಿ ತಗೊಳ್ಳಬೇಡಿ, ಕಾಲು ಅಳೆಯಿರಿ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಲ್ಲಿಸಿ, ಕಾಲುಗಳ ನಡುವೆ ಒಂದು ಪುಸ್ತಕ ಇಟ್ಟು ಮೇಲಕ್ಕೆ ಒತ್ತಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟಿದೆಯೋ, ಸೀಟನ್ನು ಪೂರ್ತಿ ಇಳಿಸಿದಾಗ ಅದರ ಎತ್ತರ ಅದಕ್ಕಿಂತ ಜಾಸ್ತಿ ಇರಬಾರದು. ಹೊಸದಾಗಿ ಕಲಿಯುವವಳಿಗೆ ಎರಡೂ ಪಾದ ನೆಲಕ್ಕೆ ಊರಬೇಕು. ಬೆಳೆಯಲು ಜಾಗ ಬೇಕು ಅಂದರೆ ಸೀಟಿನ ಕಂಬಿ ಉದ್ದ ಇರುವುದನ್ನು ಆರಿಸಿ. ಕಂಬಿಯ ಮೇಲೆ ಒಂದು ಗೆರೆ ಕೊರೆದಿರುತ್ತದೆ. ಆ ಗೆರೆ ಹೊರಗೆ ಕಾಣುವಷ್ಟು ಯಾವತ್ತೂ ಎತ್ತಬೇಡಿ.

ಮಗಳನ್ನು ಅಂಗಡಿಗೆ ಕರೆದುಕೊಂಡು ಹೋಗಿ. ಸರ್‌ಪ್ರೈಸ್ ಕೊಡುವ ಆಸೆ ಇರುತ್ತದೆ, ನನಗೂ ಇತ್ತು. ಆದರೆ ಬ್ರೇಕ್ ಅವಳ ಕೈಗೇ ಗೊತ್ತಾಗಬೇಕು ಅಲ್ವಾ? ಹ್ಯಾಂಡಲ್ ಹಿಡಿದುಕೊಂಡೇ ಎರಡು ಬೆರಳಲ್ಲಿ ಲಿವರ್ ಎಳೆಯಲಿ. ಚಕ್ರ ಗಟ್ಟಿಯಾಗಿ ನಿಲ್ಲಬೇಕು. ಬೆರಳು ಎಟುಕದಿದ್ದರೆ ಲಿವರ್ ಬುಡದಲ್ಲಿ ಸಣ್ಣ ಸ್ಕ್ರೂ ಇದೆಯಾ ನೋಡಿ, ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಅದೂ ಇಲ್ಲ, ಬೆರಳೂ ಎಟುಕುತ್ತಿಲ್ಲ ಅಂದರೆ ಆ ಸೈಕಲ್ ಎಷ್ಟು ಚೆನ್ನಾಗಿದ್ದರೂ ಬಿಟ್ಟುಬಿಡಿ.

ಎರಡು ಸೈಕಲ್ ಇಷ್ಟವಾದರೆ ಎರಡನ್ನೂ ಎತ್ತಿ ನೋಡಿ, ಹಗುರದ್ದನ್ನು ತಗೊಳ್ಳಿ. 20 ಕಿಲೋ ಮಗುವಿಗೆ 10 ಕಿಲೋ ಸೈಕಲ್ ಅಂದರೆ 70 ಕಿಲೋ ಮನುಷ್ಯ 35 ಕಿಲೋ ಸೈಕಲ್ ತುಳಿದ ಹಾಗೆ. ಶಾಕ್ ಅಬ್ಸಾರ್ಬರ್ ನೋಡಲು ಚಂದ, ಈ ಸೈಜಿನಲ್ಲಿ ಸುಮ್ನೆ ಭಾರ. ಏರು ದಾರಿ ಇಲ್ಲದಿದ್ದರೆ ಗೇರೂ ಈಗ ಬೇಡ.

ದುಡ್ಡು ಕೊಡುವ ಮೊದಲು ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಾಡಿಸಿ. ಹ್ಯಾಂಡಲ್ ಬುಡದಲ್ಲಿ ಟಕ್ ಟಕ್ ಅಂದರೆ ಅಲ್ಲೇ ಬಿಗಿ ಮಾಡಿಸಿ. ಚಕ್ರ ಎತ್ತಿ ತಿರುಗಿಸಿ, ರಿಮ್ ಅತ್ತಿತ್ತ ಓಲಾಡಬಾರದು. ಹೆಲ್ಮೆಟ್ಟನ್ನೂ ಅದೇ ದಿನ ತಲೆಗೆ ಹಾಕಿ ನೋಡಿಯೇ ತನ್ನಿ.

ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ಸೀಟು ನೋಡುತ್ತಿರಿ. ತುಳಿಯುವಾಗ ಮಂಡಿ ಹ್ಯಾಂಡಲ್ಲಿಗೆ ತಾಗುವಷ್ಟು ಮೇಲೆ ಬರುತ್ತಿದ್ದರೆ ಎತ್ತರಿಸುವ ಕಾಲ ಬಂದಿದೆ.