ಚಿತ್ರಕಲೆ ಗೊತ್ತಿಲ್ಲದವರು ಚಿತ್ರಕಲಾ ಪರಿಷತ್ತಿನೊಳಗೆ ಹೋಗಬಹುದಾ?

ನೀವು ಗದಗದ ಕಡೆಯವರು, ಬೆಂಗಳೂರಿಗೆ ಬಂದು ಎರಡು ವರ್ಷ ಆಯ್ತು, ದಿನಾ ಕುಮಾರ ಕೃಪಾ ರಸ್ತೆಯಲ್ಲಿ ಹೋಗುವಾಗ ಪರಿಷತ್ತಿನ ಗೇಟಲ್ಲಿ ಪ್ರದರ್ಶನದ ಬ್ಯಾನರ್ ನೋಡುತ್ತೀರಿ, ಆದರೆ ಒಳಗೆ ಹೋಗೋಕೆ ಮುಜುಗರ ಅಂತ ಬರೆದಿದ್ದೀರಿ. ಕಲೆ ಗೊತ್ತಿಲ್ಲದವರನ್ನು ಬಿಡುತ್ತಾರಾ, ಏನೂ ಕೊಳ್ಳದೆ ಬಂದರೆ ತಪ್ಪಾ, ಕೌದಿ ಹೊಲಿಯುವ ನಿಮ್ಮ ಅಮ್ಮ ಊರಿಂದ ಬಂದಾಗ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ.

ಹೋಗಿ. ಈ ವಾರವೇ ಹೋಗಿ. ಕಲಾವಿದರು ಬಾಡಿಗೆಗೆ ಹಿಡಿಯುವ ಗ್ಯಾಲರಿಗಳಲ್ಲಿ ನಡೆಯುವ ಪ್ರದರ್ಶನ ನೋಡೋಕೆ ಸಾಮಾನ್ಯವಾಗಿ ಯಾರೂ ದುಡ್ಡು ಕೇಳುವುದಿಲ್ಲ. ಒಳಗಿರುವ ಮ್ಯೂಸಿಯಂಗೆ ಮಾತ್ರ ಟಿಕೆಟ್ ಇದೆ. ಕೊಳ್ಳಲೇಬೇಕು ಅಂತ ಯಾರೂ ಅಂದುಕೊಳ್ಳುವುದಿಲ್ಲ. ನಾನು ಎಂಟು ವರ್ಷದಿಂದ ಹೋಗುತ್ತಿದ್ದೇನೆ, ಕೊಂಡಿದ್ದು ಮೂರು ಚಿತ್ರ, ಅದರಲ್ಲಿ ಎರಡು, ಪರಿಷತ್ತು ವರ್ಷಕ್ಕೊಮ್ಮೆ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಯಲ್ಲಿ.

ನಿಮ್ಮ ಮುಜುಗರ ನನಗೆ ಅರ್ಥವಾಗುತ್ತದೆ, ಯಾಕೆಂದರೆ ನಮ್ಮಪ್ಪನ ಜೊತೆ ಹೋದಾಗ ನನಗೂ ಅದೇ ಆಗಿತ್ತು. ಅಪ್ಪ ಹುಬ್ಬಳ್ಳಿಯ ಒಂದು ಸಣ್ಣ ಪ್ರೆಸ್ಸಲ್ಲಿ ಮೂವತ್ತು ವರ್ಷ ಅಚ್ಚಿನ ಮೊಳೆ ಜೋಡಿಸಿದವರು, ಆಮೇಲೆ ಮಷಿನ್ ಮೇಲೂ ನಿಂತವರು. ಒಂದು ಸಲ ನಗರದ ಬೇರೆ ಒಂದು ಗ್ಯಾಲರಿಗೆ, ಹೆಸರು ಬೇಡ, ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿದ್ದವರು ಅಪ್ಪನ ಚಪ್ಪಲಿಯಿಂದ ತಲೆಯವರೆಗೆ ನೋಡಿ "ಇನ್ವಿಟೇಷನ್ ಇದೆಯಾ" ಅಂದರು. ಅಪ್ಪ ಏನೂ ಮಾತಾಡದೆ ಹೊರಗೆ ಬಂದುಬಿಟ್ಟರು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ.

ಮುಂದಿನ ವರ್ಷ ಹಟ ಮಾಡಿ ಪರಿಷತ್ತಿಗೆ ಕರೆದುಕೊಂಡು ಹೋದೆ. ಒಬ್ಬ ಹುಡುಗಿಯ ಎಚಿಂಗ್, ಅಂದರೆ ಲೋಹದ ತಗಡಿನಲ್ಲಿ ಗೆರೆ ಕೊರೆದು ಕಾಗದದ ಮೇಲೆ ಒತ್ತಿ ತೆಗೆಯುವ ಚಿತ್ರಗಳ ಪ್ರದರ್ಶನ ಇತ್ತು. ಮಧ್ಯಾಹ್ನ ಮೂರು ಗಂಟೆ, ಹಾಲಲ್ಲಿ ಅವಳೊಬ್ಬಳೇ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಪ್ಪ ಚಿತ್ರಗಳ ಮುಂದೆ ಸುಮ್ನೆ ನಡೆಯುತ್ತಾ ಹೋದವರು ಒಂದರ ಹತ್ತಿರ ನಿಂತರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಬಗ್ಗಿದರು. ಚಿತ್ರವನ್ನಲ್ಲ, ಚಿತ್ರದ ಅಂಚನ್ನು ನೋಡುತ್ತಿದ್ದರು. ಅಲ್ಲಿ ಸುತ್ತಲೂ ಕಾಗದ ಚೌಕಾಕಾರವಾಗಿ ಸ್ವಲ್ಪ ಒಳಗೆ ಒತ್ತಿಕೊಂಡಿರುತ್ತದೆ. ತಗಡಿನ ಗುರುತು ಅದು. ತಿರುಗಿ ಆ ಹುಡುಗಿಯನ್ನೇ ಕೇಳಿದರು, "ಹಾಳಿ ಹಸಿ ಇದ್ದಾಗ ಒತ್ತೀರೇನವಾ ಇದನ್ನ?"

ಅವಳ ಮುಖ ನೋಡಬೇಕಿತ್ತು ನೀವು. ಬ್ಯಾಗಿನಿಂದ ಒಂದು ತಗಡು ತೆಗೆದು ಅಪ್ಪನ ಕೈಗೇ ಕೊಟ್ಟಳು. ತಗಡಿನ ಮೇಲೆ ಮೇಣದಂಥ ಲೇಪ ಹಚ್ಚಿ, ಅದರ ಮೇಲೆ ಸೂಜಿಯಲ್ಲಿ ಗೆರೆ ಎಳೆದು, ಆಸಿಡ್‌ನಲ್ಲಿ ಬಿಟ್ಟರೆ ಗೆರೆ ಇದ್ದ ಕಡೆ ಮಾತ್ರ ತಿಂದು ಗುಳಿ ಬೀಳುತ್ತದೆ. ಆ ಗುಳಿಯೊಳಗೆ ಇಂಕ್ ತುಂಬಿ, ಮೇಲಿನದನ್ನೆಲ್ಲ ಒರೆಸಿ, ಒದ್ದೆ ಕಾಗದ ಇಟ್ಟು ರೋಲರ್ ಕೆಳಗೆ ಎಳೆದರೆ ಕಾಗದ ಗುಳಿಯೊಳಗೆ ಇಳಿದು ಇಂಕನ್ನು ಎತ್ತಿಕೊಂಡು ಬರುತ್ತದೆ. ಅಪ್ಪ ಹೆಬ್ಬೆರಳಿಂದ ಗೆರೆಗಳನ್ನು ಸವರುತ್ತಾ "ಅಂದ್ರ ನಮ್ದು ಉಬ್ಬಿದ್ದಕ್ಕ ಶಾಯಿ ಹತ್ತತಿತ್ತು, ನಿಮ್ದು ತಗ್ಗಿನ್ಯಾಗ. ನಮ್ದು ಉಲ್ಟಾ" ಅಂದರು. ಒಂದೂವರೆ ಗಂಟೆ ಇಬ್ಬರೂ ಇಂಕ್, ಕಾಗದದ ದಪ್ಪ, ಒತ್ತಡದ ಬಗ್ಗೆ ಮಾತಾಡಿದರು. ಚಿತ್ರದ ಕೆಳಗೆ ಪೆನ್ಸಿಲ್‌ನಲ್ಲಿ 3/15 ಅಂತ ಬರೆದಿರುತ್ತಾರಲ್ವಾ, ಹದಿನೈದು ಪ್ರತಿ ತೆಗೆದಿದ್ದರಲ್ಲಿ ಇದು ಮೂರನೆಯದು ಅಂತ, ಅದನ್ನೂ ಅಪ್ಪ ಕೇಳಿಯೇ ತಿಳಿದುಕೊಂಡರು. ಒಂದೇ ತಗಡಿಂದ ಒಂದೇ ಸಲಕ್ಕೆ ಹಲವು ಬಣ್ಣ ತೆಗೆಯುವ ದಾರಿ ಹುಡುಕಿದವರಲ್ಲಿ ಒಬ್ಬರಾದ ಕಲಾವಿದ ಕೃಷ್ಣಾ ರೆಡ್ಡಿಯವರ ಬಗ್ಗೆಯೂ ಅವಳು ಹೇಳಿದಳು. ಇಂಕಲ್ಲಿ ಎಣ್ಣೆ ಹೆಚ್ಚು ಕಮ್ಮಿ ಮಾಡಿದರೆ ಒಂದು ಬಣ್ಣ ಇನ್ನೊಂದರ ಜೊತೆ ಬೆರೆಯದೆ ನಿಲ್ಲುತ್ತದಂತೆ. ಮೂವತ್ತು ವರ್ಷ ಇಂಕ್ ಕಲಸಿದ ಮನುಷ್ಯನಿಗೆ ಅದು ಎಂಥ ಸುದ್ದಿ ಅಂತ ನೀವೇ ಯೋಚಿಸಿ.

ಅದಕ್ಕೇ ನಿಮಗೆ ಹೇಳೋದು, "ಇದರ ಅರ್ಥ ಏನು" ಅಂತ ತಲೆ ಕೆಡಿಸಿಕೊಳ್ಳಬೇಡಿ. "ಇದನ್ನ ಹೇಗೆ ಮಾಡಿದ್ರಿ" ಅಂತ ಕೇಳಿ. ಬಹಳಷ್ಟು ಪ್ರದರ್ಶನಗಳಲ್ಲಿ ಕಲಾವಿದರು ಅಲ್ಲೇ ಇರುತ್ತಾರೆ. ಕೈಯಿಂದ ಬಾಡಿಗೆ ಕಟ್ಟಿ ಹಾಲ್ ಹಿಡಿದು, ಚಿತ್ರಕ್ಕೆ ಫ್ರೇಮ್ ಹಾಕಿಸಿ, ಟೆಂಪೋದಲ್ಲಿ ತಂದು ನೇತುಹಾಕಿರುತ್ತಾರೆ. ಉದ್ಘಾಟನೆ ದಿನ ಜನ ಇರುತ್ತಾರೆ, ಮರುದಿನದಿಂದ ಮಧ್ಯಾಹ್ನ ಹೊತ್ತು ಖಾಲಿ. ಆಗ ಒಳಗೆ ಬಂದು ಒಂದು ಪ್ರಶ್ನೆ ಕೇಳಿದವರನ್ನು ಅವರು ಮರೆಯುವುದಿಲ್ಲ. ಬಾಗಿಲ ಹತ್ತಿರ ಅಭಿಪ್ರಾಯ ಬರೆಯುವ ಪುಸ್ತಕ ಇಟ್ಟಿರುತ್ತಾರೆ, ಅದರಲ್ಲಿ ಕನ್ನಡದಲ್ಲೇ ಎರಡು ಸಾಲು ಬರೆದು ಬನ್ನಿ. ಚಿತ್ರದ ಪಕ್ಕ ಕೆಂಪು ಚುಕ್ಕೆ ಅಂಟಿಸಿದ್ದರೆ ಅದು ಮಾರಾಟ ಆಗಿದೆ ಅಂತ.

ಮ್ಯೂಸಿಯಂ ಬಿಡಬೇಡಿ. ಪರಿಷತ್ತು ಶುರುವಾಗಿದ್ದು 1960ರಲ್ಲಿ, ಕಟ್ಟಿ ಬೆಳೆಸಿದವರು ಎಂ.ಎಸ್. ನಂಜುಂಡರಾವ್. ತೊಗಲು ಗೊಂಬೆಗಳ ಬಗ್ಗೆ ಬಹಳ ಕೆಲಸ ಮಾಡಿದವರು ಅವರು. ಆ ಗೊಂಬೆಗಳು ಅಲ್ಲಿವೆ. ತೊಗಲನ್ನು ಹಿಂದಿನ ಬೆಳಕು ಆಚೆ ಬರುವಷ್ಟು ತೆಳ್ಳಗೆ ಹದ ಮಾಡಿ, ತೂತು ಕೊರೆದು ಒಡವೆ ಸೀರೆ ಎಲ್ಲ ಬಿಡಿಸಿರುತ್ತಾರೆ. ಮೈಸೂರು ಶೈಲಿಯ ಚಿತ್ರಗಳೂ ಇವೆ. ಅವುಗಳ ಮುಂದೆ ನೇರ ನಿಲ್ಲಬೇಡಿ, ಒಂದು ಬದಿಗೆ ಬಂದು ಓರೆಯಾಗಿ ನೋಡಿ. ಆಭರಣ, ಕಿರೀಟದ ಜಾಗದಲ್ಲಿ ಗೋಂದು ಬೆರೆಸಿದ ಬಿಳಿ ಲೇಪ ಕೊಟ್ಟು ಕೂದಲೆಳೆಯಷ್ಟು ಉಬ್ಬು ಮಾಡಿ, ಅದರ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ತಂಜಾವೂರಿನದರಲ್ಲಿ ಉಬ್ಬು ದಪ್ಪ, ಕಲ್ಲುಗಳನ್ನೂ ಕೂರಿಸುತ್ತಾರೆ. ನನಗೆ ಮೈಸೂರಿನ ತೆಳು ಕೆಲಸವೇ ಜಾಸ್ತಿ ಇಷ್ಟ. ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ನಟಿ ದೇವಿಕಾ ರಾಣಿಯವರ ಜೊತೆ ಬದುಕಿದ ರಷ್ಯಾ ಮೂಲದ ಚಿತ್ರಕಾರ ಸ್ವೆತೊಸ್ಲಾವ್ ರೋರಿಕ್ ಅವರ ಚಿತ್ರಗಳೂ ಇಲ್ಲೇ ಇವೆ.

ಗ್ಯಾಲರಿ ಇನ್ನೂ ಭಯ ಅನ್ನಿಸಿದರೆ ಜನವರಿಯ ಚಿತ್ರಸಂತೆಗೆ ಕಾಯಿರಿ. ಒಂದು ಭಾನುವಾರ ಇಡೀ ಕುಮಾರ ಕೃಪಾ ರಸ್ತೆಗೆ ಗಾಡಿ ಬಿಡುವುದಿಲ್ಲ, ಫುಟ್‌ಪಾತ್ ತುಂಬ ಕಲಾವಿದರು. ನೂರಿನ್ನೂರು ರೂಪಾಯಿಯ ಸಣ್ಣ ಚಿತ್ರದಿಂದ ಲಕ್ಷದ ಕ್ಯಾನ್ವಾಸ್‌ವರೆಗೆ ಸಿಗುತ್ತದೆ. 2021ರಲ್ಲಿ ಕೊರೋನಾ ಅಂತ ಆನ್‌ಲೈನ್‌ನಲ್ಲಿ ಮಾಡಿದ್ದರು, ನನಗಂತೂ ಅದು ಸಂತೆ ಅನ್ನಿಸಲೇ ಇಲ್ಲ. ಬೆಳಿಗ್ಗೆ ಎಂಟಕ್ಕೇ ಹೋಗಿ, ಹನ್ನೊಂದರ ಮೇಲೆ ಕಾಲಿಡೋಕೆ ಜಾಗ ಇರುವುದಿಲ್ಲ.

ಬೇರೆ ಕಡೆ ಅಂದರೆ, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ, ಸೋಮವಾರ ರಜೆ. ಅಲ್ಲಿನ ಮರಗಳ ಕೆಳಗೆ ಕೂರೋದಕ್ಕೇ ಹೋಗಬಹುದು. ಕಸ್ತೂರಬಾ ರಸ್ತೆಯ ವೆಂಕಟಪ್ಪ ಆರ್ಟ್ ಗ್ಯಾಲರಿ ನನಗೆ ತುಂಬ ಹತ್ತಿರದ ಜಾಗ. ಕಡಿಮೆ ಬಾಡಿಗೆಗೆ ಸಿಗುತ್ತಿದ್ದ ಆ ಹಾಲಲ್ಲೇ ಎಷ್ಟೋ ಹುಡುಗರು ತಮ್ಮ ಮೊದಲ ಪ್ರದರ್ಶನ ಮಾಡಿದ್ದಾರೆ. ಸರ್ಕಾರದ ಆ ಗ್ಯಾಲರಿಯನ್ನು ನೋಡಿಕೊಳ್ಳೋಕೆ ಖಾಸಗಿಯವರಿಗೆ ದತ್ತು ಕೊಡುವ ಮಾತು ಬಂದಾಗ ಕಲಾವಿದರು ಬೀದಿಗೆ ಇಳಿದು ವಿರೋಧಿಸಿದ್ದು ಇದೇ ಕಾರಣಕ್ಕೆ, ಅವರು ಮಾಡಿದ್ದು ಸರಿ ಅಂತಲೇ ನಾನು ಹೇಳೋದು. ಹೋಗುವ ಮುಂಚೆ ತೆರೆದಿದೆಯಾ ಅಂತ ವಿಚಾರಿಸಿ.

ಇನ್ನು ಅಮ್ಮನ ವಿಷಯ. ಪರಿಷತ್ತಿನ ಅಂಗಳದಲ್ಲಿ ಆಗಾಗ ಕರಕುಶಲ ಮೇಳ ನಡೆಯುತ್ತದೆ, ಬೇರೆ ಬೇರೆ ರಾಜ್ಯದ ನೇಯುವವರು, ಕಸೂತಿ ಹಾಕುವವರು ಮಳಿಗೆ ಹಾಕುತ್ತಾರೆ. ಅಮ್ಮ ಬರುವ ವಾರ ಮೇಳ ಇದೆಯಾ ನೋಡಿಕೊಳ್ಳಿ. ಮೊದಲು ಅಲ್ಲಿಗೇ ಕರೆದುಕೊಂಡು ಹೋಗಿ, ಬಟ್ಟೆ ಮುಟ್ಟಿ ನೋಡಲಿ, ಹೊಲಿಗೆ ತಿರುಗಿಸಿ ಹಿಂದಿನ ಮೈ ನೋಡಲಿ. ಆಮೇಲೆ ಗ್ಯಾಲರಿಗೆ. ಅವಸರ ಮಾಡಬೇಡಿ, ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿ ನೀವೂ ನಿಲ್ಲಿ. ಸಾಧ್ಯವಾದರೆ ಅವರು ಹೊಲಿದ ಒಂದು ಸಣ್ಣ ಕೌದಿ ಬ್ಯಾಗಲ್ಲಿ ಇಟ್ಟುಕೊಂಡು ಹೋಗಿ. ಅಲ್ಲಿ ಕೂತ ಕಲಾವಿದರು ಯಾರಾದರೂ ಮಾತಿಗೆ ಸಿಕ್ಕರೆ ಬಿಚ್ಚಿ ತೋರಿಸಲಿ.